ಮೂವತ್ತೊಂದಕ್ಕೆ ತೊಂಬತ್ತನಾಲ್ಕು

ನವೆಂಬರ್ 8, ಶನಿವಾರ

ಮೂವತ್ತೊಂದು, ತೊಂಬತ್ತನಾಲ್ಕು. ಅರವತ್ತಮೂರರ ಅಂತರ. ಇನ್ನೊಂದು ಸಲ ಕೂಡಿ ಕಳೆದು ನೋಡಿದೆ, ಅಷ್ಟೇ ಬಂತು.

ನಾನು ಓದಿದ ಕಾಲೇಜು ಅನ್ನೋ ಒಂದೇ ಅಭಿಮಾನಕ್ಕೆ ಹತ್ತೊಂಬತ್ತು ವರ್ಷದಿಂದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಒಂದೊಂದು ಪಂದ್ಯದ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ಹದಿನಾಲ್ಕು ನೋಟ್‌ಬುಕ್ ಆಗಿವೆ. ಇಂಥ ಸೋಲು ಒಂದರಲ್ಲೂ ಇಲ್ಲ. ಇದಕ್ಕೆ ಮುಂಚಿನ ಅತಿ ಕೆಟ್ಟ ಸೋಲು ಮೂವತ್ತೆಂಟರ ಅಂತರದ್ದು, ಆವತ್ತು ಮೂವರು ಹುಡುಗಿಯರಿಗೆ ಜ್ವರ ಇತ್ತು. ಇವತ್ತು ಒಬ್ಬಳೂ ಸೀನಿದ್ದು ಕೂಡ ಕಾಣಲಿಲ್ಲ.

ಅರ್ಧ ಆಟಕ್ಕೆ ಹತ್ತೊಂಬತ್ತು, ನಲವತ್ತೇಳು. ಅಷ್ಟಕ್ಕೇ ನಮ್ಮ ಅಭಿಮಾನಿಗಳೆಲ್ಲ ಎದ್ದರು. ಟೈಲರ್ ಅಂತೂ ತಾನೇ ಹೊಲಿದ ಬಾವುಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಸದ್ದು ಮಾಡುತ್ತಾ ಮೆಟ್ಟಿಲಿಳಿದರು. ಬಾಗಿಲಲ್ಲಿ ನಿಂತು ಕೋಚ್ ಕಡೆ ಏನೋ ಕೂಗಿದರಂತೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆವರೆಗೆ ಕೂತಿದ್ದು ನಾವಿಬ್ಬರೇ, ನಾನು ಮತ್ತು ಇವರು. ಲೆಕ್ಕ ಅರ್ಧಕ್ಕೆ ಬಿಟ್ಟರೆ ಅದು ಲೆಕ್ಕ ಅನಿಸಿಕೊಳ್ಳಲ್ಲ.

ನಮ್ಮ ಕ್ರಮ ಯಾವತ್ತಿನದೇ. ಮೇಲಿನ ಕೊನೇ ಸಾಲಲ್ಲಿ ಇವರು ನಿಂತು ನಂಬರ್ ಕೂಗುತ್ತಾರೆ, ನಾನು ತಲೆ ಬಗ್ಗಿಸಿ ಬರೆಯುತ್ತೇನೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಗಂಟಲು, ಮೈಕ್ ಬೇಡ. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು, ಆಪರೇಷನ್ ಅಂದರೆ ಮಾತ್ರ ಕಿವಿಯೂ ಕೇಳಲ್ಲ. ಮುಖ ಮಸುಕು, ಆದರೆ ಬೆನ್ನ ಮೇಲಿನ ದೊಡ್ಡ ನಂಬರ್ ಕಾಣುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ನಡುವೆ, ‘ಹನ್ನೆರಡನೇ ನಂಬರಿನವಳು ಇವತ್ತು ಉದ್ದ ಕಾಣ್ತಾಳಲ್ಲ’ ಅಂದರು. ಹರಟೆ ಬೇಡ, ನಂಬರ್ ಹೇಳಿ ಅಂದೆ. ತಲೆ ಎತ್ತಿದರೆ ಎರಡು ಪಾಸ್ ತಪ್ಪಿಹೋಗುತ್ತದೆ.

ನಮ್ಮ ಏಳನೇ ನಂಬರ್, ಅಂದರೆ ಕ್ಯಾಪ್ಟನ್, ಅಂದರೆ ನಮ್ಮಕ್ಕನ ಮಗಳು, ಅರ್ಧ ಆಟಕ್ಕೆ ಸ್ವಲ್ಪ ಮುಂಚೆ ಎದುರಾಳಿಯ ಮೊಣಕೈ ತಗುಲಿ ತುಟಿ ಒಡೆದುಕೊಂಡಳು. ಅಂಗಿಯೆಲ್ಲ ರಕ್ತ. ಒಳಗೆ ಕರೆದುಕೊಂಡು ಹೋದರು, ಆಮೇಲೆ ಏಳು ಅನ್ನೋ ನಂಬರೇ ಬರಲಿಲ್ಲ. ಅವಳಿದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಎರಡು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವಳು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಕಾಲೇಜಿಗೆ ಸೇರಿದಾಗಿನಿಂದ, ಮೂರು ವರ್ಷ, ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ಹೀಗೆ ಮಲಗಿದ್ದು ಇದೇ ಮೊದಲು. ಪಾಪ, ಕೂಸು.

ನವೆಂಬರ್ 9, ಭಾನುವಾರ

ಬೆಳಿಗ್ಗೆ ಟೈಲರ್ ಅಂಗಡಿಗೆ ಹೋದರೆ ಅಲ್ಲಿ ಹದಿನೇಳು ಜನ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ನಿಂತು ಒಬ್ಬರಿಗಿಂತ ಒಬ್ಬರು ಜೋರಾಗಿ ಮಾತಾಡುತ್ತಿದ್ದರು. ಇಪ್ಪತ್ತು ವರ್ಷದಿಂದ ಚಪ್ಪಾಳೆ ತಟ್ಟಿದ್ದಕ್ಕೆ ಇದಾ ಪ್ರತಿಫಲ ಅಂತ ಒಬ್ಬರು, ಅಂಗಡಿ ಬಾಗಿಲು ಹಾಕಿ ಬಂದಿದ್ದೆ ಅಂತ ಇನ್ನೊಬ್ಬರು. ಕೋಚ್ ಮೇಲೆ ಬೈಗುಳದ ಮಳೆ. ಅವರೋ ನಿನ್ನೆಯೇ ಹತ್ತು ದಿನ ರಜೆ ಚೀಟಿ ಕೊಟ್ಟು ಊರು ಬಿಟ್ಟಿದ್ದಾರೆ, ಫೋನೂ ಎತ್ತುತ್ತಿಲ್ಲ.

ಬೈಯಲಿಕ್ಕೆ ಎದುರಿಗೆ ಯಾರೂ ಇಲ್ಲದಿದ್ದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಎಲ್ಲರೂ ನನ್ನ ನೋಟ್‌ಬುಕ್ ಕೇಳಿದರು. ಎರಡನೇ ಅರ್ಧ ನೋಡಿದವರು ನೀವಿಬ್ಬರೇ ಮೇಡಂ, ಯಾರಿಂದ ಹೀಗಾಯಿತು ನೀವೇ ಹೇಳಿ ಅಂದರು. ನಾನು ಬಾಯಿಗೆ ಬಂದದ್ದು ಹೇಳುವವಳಲ್ಲ. ಕೂತು ಕೂಡಿಸಿದೆ. ಚೆಂಡನ್ನು ಕೈಯಿಂದ ಬಿಟ್ಟುಕೊಟ್ಟವರ ಪಟ್ಟಿಯಲ್ಲಿ ಐದನೇ ನಂಬರ್ ನಾಲ್ಕು ಸಲ, ಒಂಬತ್ತನೇ ನಂಬರ್ ಆರು, ನಮ್ಮ ಏಳನೇ ನಂಬರ್ ಮೂರು. ಹನ್ನೆರಡನೇ ನಂಬರ್ ಹದಿನೆಂಟು.

ಹದಿನೆಂಟು ಅಂದಾಗ ಅಂಗಡಿಯಲ್ಲಿ ಹೊಲಿಗೆ ಮಿಷನ್ನೂ ನಿಂತಿತು. ಹನ್ನೆರಡು ಅಂದರೆ ಈ ವರ್ಷ ಸೇರಿದ ಹುಡುಗಿ, ಕುಳ್ಳಿ ಅಂತ ಕರೀತಾರೆ, ಹೆಸರು ನನಗೆ ಗೊತ್ತಿಲ್ಲ. ಮೊದಲ ವರ್ಷದವಳನ್ನು ಯಾಕೆ ಇಳಿಸಿದರು ಅಂತ ಎಲ್ಲರಿಗೂ ಒಮ್ಮೆಲೇ ಜ್ಞಾನೋದಯ ಆಯಿತು. ಟೈಲರ್ ದೊಡ್ಡ ರಟ್ಟಿನ ಮೇಲೆ ಪಟ್ಟಿ ಬರೆಸಿದರು. ಹನ್ನೆರಡರ ಸಾಲನ್ನು ಕೆಂಪು ಪೆನ್ನಲ್ಲಿ ಬರೆದದ್ದು ನಾನೇ, ನನ್ನ ಅಂಕಿ ದುಂಡಗಿರುತ್ತದೆ. ಜಿಮ್ ಬಾಗಿಲಿಗೆ ಅಂಟಿಸಿ ಬಂದರು. ಸಂಜೆಯೊಳಗೆ ಅದರ ಫೋಟೋ ನನ್ನ ಫೋನಿಗೇ ಆರು ಜನರಿಂದ ಬಂತು. ಒಂದು ರೀತಿಯಲ್ಲಿ ಸಮಾಧಾನ. ಸುಮ್ಮನೆ ಕೂಗಾಡುವುದಕ್ಕಿಂತ ಲೆಕ್ಕ ಮುಂದಿಟ್ಟು ಮಾತಾಡುವುದು ವಾಸಿ.

ನವೆಂಬರ್ 11, ಮಂಗಳವಾರ

ನಮ್ಮ ರಕ್ತಪರೀಕ್ಷೆ ಲ್ಯಾಬಿನಲ್ಲಿ ಇವತ್ತು ಐವತ್ತೆರಡು ಸ್ಯಾಂಪಲ್. ಹೊಸ ಹುಡುಗಿ ಎರಡು ಟ್ಯೂಬಿನ ಮೇಲೆ ಚೀಟಿ ಅಂಟಿಸಲು ಮರೆತಿದ್ದಳು. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ ಕೊಲೆ ಮಾಡಿದಷ್ಟೇ ಪಾಪ ಅಂದೆ. ಅತ್ತಳು. ಅಳಲಿ, ಕಲಿಯುತ್ತಾಳೆ.

ಮನೆಯಲ್ಲಿ ಕ್ಯಾಪ್ಟನ್ ಊಟ ಬಿಟ್ಟಿದ್ದಾಳೆ. ತುಟಿ ಉರಿಯುತ್ತದೆ ಅಂತಾಳೆ. ಹಾಲು ಕುಡಿ ಅಂದರೆ ಅರ್ಧ ಲೋಟ ಕುಡಿದು ಇಟ್ಟಳು. ನಾನು ಬಟ್ಟೆ ಮಡಿಸುತ್ತಿದ್ದೆ, ಹಿಂದೆ ಬಂದು ನಿಂತು, ಚಿಕ್ಕಮ್ಮ, ಆ ಪಟ್ಟಿ ತೆಗೆಸ್ತೀಯಾ ಅಂತ ಕೇಳಿದಳು. ಯಾಕೆ ಅಂದೆ. ಸುಮ್ಮನೆ ಅಂದಳು. ಲೆಕ್ಕ ಲೆಕ್ಕಾನೇ, ಕ್ಯಾಪ್ಟನ್ ಆದವಳಿಗೆ ತಂಡದವರ ಮೇಲೆ ಕರುಣೆ ಇರಬೇಕು ನಿಜ, ಆದರೆ ಕಣ್ಣು ಮುಚ್ಚಿಕೊಳ್ಳಬಾರದು ಅಂತ ಬುದ್ಧಿ ಹೇಳಿದೆ. ತಲೆಯಾಡಿಸಿ ಹೋದಳು. ಎಷ್ಟು ಒಳ್ಳೇ ಮನಸ್ಸು ಅನಿಸಿತು. ತನಗೆ ಹೊಲಿಗೆ ಬಿದ್ದಿದೆ, ಚಿಂತೆ ಮಾತ್ರ ಬೇರೆಯವಳದು.

ನವೆಂಬರ್ 13, ಗುರುವಾರ

ಹನ್ನೆರಡನೇ ನಂಬರ್ ನಾಲ್ಕು ದಿನದಿಂದ ಪ್ರಾಕ್ಟೀಸಿಗೆ ಬಂದಿಲ್ಲವಂತೆ. ಕ್ಯಾಂಟೀನಿಗೆ ಹೋದರೆ ‘ಹದಿನೆಂಟು’ ಅಂತ ಕೂಗುತ್ತಾರಂತೆ. ಟೈಲರ್ ಅದನ್ನು ಹೇಳಿ ನಕ್ಕರು, ನಾನೂ ನಕ್ಕೆ. ಬುಧವಾರ ನಾಲ್ಕು ಗಂಟೆಗೆ ಎಲ್ಲರೂ ಅಂಗಡಿಯಲ್ಲಿ ಸೇರಿ ಪ್ರಿನ್ಸಿಪಾಲರಿಗೆ ಕಾಗದ ಕೊಡುವುದು, ಹನ್ನೆರಡನೇ ನಂಬರಿನವಳನ್ನು ತಂಡದಿಂದ ತೆಗೆಯಿರಿ ಅಂತ. ಜೊತೆಗೆ ನನ್ನ ಲೆಕ್ಕ, ಕೆಳಗೆ ನನ್ನದೇ ಮೊದಲ ಸಹಿ. ಒಪ್ಪಿಕೊಂಡು ಬಂದೆ.

ಇವರಿಗೆ ಹೇಳಿದೆ. ‘ಒಂದು ಕೂಸನ್ನ ತೆಗೆಯೋಕೆ ಹದಿನೇಳು ಸಹಿ ಬೇಕಾ?’ ಅಂದರು. ಇವರಿಗೆ ಶಿಸ್ತು ಅಂದರೆ ಏನು ಗೊತ್ತು, ಟಿಕೆಟ್ ಇಲ್ಲದವರನ್ನೂ ಪಾಪ ಅಂತ ಕೂರಿಸಿಕೊಂಡು ಮೆಮೊ ತಿಂದವರು.

ನವೆಂಬರ್ 15, ಶನಿವಾರ

ಹನ್ನೊಂದು ಗಂಟೆ ಸುಮಾರಿಗೆ ಲ್ಯಾಬಿಗೆ ಒಬ್ಬ ತಾಯಿ ಮಗಳನ್ನು ಕರಕೊಂಡು ಬಂದಳು. ತಾಯಿಯ ಕೈ ನೋಡಿದರೇ ಗೊತ್ತಾಗುತ್ತಿತ್ತು, ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಬೆರಳಿನ ತುದಿಗೆಲ್ಲ ಹಳೇ ಸುಟ್ಟ ಕಲೆ. ಮಗಳು ವಾರದಿಂದ ಸರಿಯಾಗಿ ತಿಂದಿಲ್ಲ, ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತುಬಿಟ್ಟಳಂತೆ, ಡಾಕ್ಟರ್ ರಕ್ತ ನೋಡಬೇಕು ಅಂದರಂತೆ. ಹುಡುಗಿ ಮೋಟು ಜಡೆಯವಳು, ನನ್ನ ಭುಜಕ್ಕೂ ಬರಲ್ಲ. ಚೀಟಿಯಲ್ಲಿ ಕಾಲೇಜಿನ ಹೆಸರು ನೋಡಿ, ಏನಮ್ಮ ಪರೀಕ್ಷೆ ಹೆದರಿಕೆಯಾ ಅಂತ ನಗಿಸಲು ನೋಡಿದೆ. ತಾಯಿಯೇ ಉತ್ತರ ಕೊಟ್ಟಳು. ಬ್ಯಾಸ್ಕೆಟ್‌ಬಾಲ್ ಆಡ್ತಾಳೆ, ಹನ್ನೆರಡನೇ ನಂಬರ್, ಬಾಗಿಲಿಗೆ ಏನೋ ಬರೆದು ಅಂಟಿಸಿದಾರಂತೆ, ಆವತ್ತಿಂದ ಹೀಗೆ ಅಂದಳು.

ನನ್ನ ಕೈಯಲ್ಲಿ ಸೂಜಿ ಇತ್ತು. ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ಹೇಳಲೂ ಇಲ್ಲ.

ರಕ್ತ ತೆಗೆಯುವ ಮುಂಚೆ ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ, ಯಾವ ಕೈಯಲ್ಲಿ ಬರೀತೀಯಾ ಅಂತ. ಕೆಲಸದ ಕೈ ನೋಯಬಾರದು, ಅದಕ್ಕೆ ಇನ್ನೊಂದು ಕೈಯಿಂದ ತೆಗೆಯುವುದು ನನ್ನ ಕ್ರಮ. ಬಲಗೈ ಅಂದಳು. ಹನ್ನೆರಡರ ಪಕ್ಕ ‘ಎಡ’ ಅಂತ ಗುರುತು ಹಾಕಿಕೊಂಡ ನೆನಪು ನನಗೆ.

‘ಆಡೋದು ಎಡಗೈಯಲ್ಲಾ?’

‘ಇಲ್ಲ ಆಂಟಿ. ಎಡಗೈಯಲ್ಲಿ ನಂಗೆ ಚೆಂಡೇ ನಿಲ್ಲಲ್ಲ.’

ಮೊದಲನೇ ಸಲಕ್ಕೇ ನರ ಸಿಗುವ ನನಗೆ ಇವತ್ತು ಮೂರು ಸಲ ಚುಚ್ಚಬೇಕಾಯಿತು. ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು, ಅಮ್ಮಾ ಅಂತ ಕೂಡ ಅನ್ನಲಿಲ್ಲ. ಹಿಮೋಗ್ಲೋಬಿನ್ ಹತ್ತೂವರೆ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ತಲೆಯಲ್ಲಿ, ಎಡಗೈ, ಎಡಗೈ. ನೋಟ್‌ಬುಕ್ ಟೈಲರ್ ಹತ್ತಿರ ಇದೆ. ಅಂಗಡಿ ಬಾಗಿಲು ಹಾಕಿತ್ತು.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಹೋಗಿ ನೋಟ್‌ಬುಕ್ ತಂದೆ. ಟೈಲರ್ ಯಾಕೆ ಅಂದರು, ಇನ್ನೊಮ್ಮೆ ಕೂಡಿಸಬೇಕು ಅಂದೆ. ನಿಮ್ಮ ಲೆಕ್ಕವನ್ನ ಇನ್ನೊಮ್ಮೆ ಕೂಡಿಸೋದು ಅಂದ್ರೆ ಸೂರ್ಯನಿಗೆ ಟಾರ್ಚ್ ಹಿಡಿದ ಹಾಗೆ ಅಂದರು. ಹೊಗಳಿಕೆ ಇಷ್ಟು ಕಹಿಯಾಗಿರುತ್ತದೆ ಅಂತ ಗೊತ್ತಿರಲಿಲ್ಲ.

ಯಾರಾದರೂ ಎಡಗೈಯಲ್ಲಿ ಬುಟ್ಟಿಗೆ ಎಸೆದರೆ ನಂಬರ್ ಪಕ್ಕ ಒಂದು ಚುಕ್ಕಿ ಇಡುತ್ತೇನೆ. ಇವರು ‘ಎಡ’ ಅಂತ ಕೂಗುತ್ತಾರೆ, ನಾನು ಚುಕ್ಕಿ ಇಡುತ್ತೇನೆ. ಮೂರು ವರ್ಷದ ಹಿಂದೆ ಶುರು ಮಾಡಿದ್ದು, ನಮ್ಮ ಕೂಸಿಗೋಸ್ಕರ. ಇಡೀ ತಂಡದಲ್ಲಿ ಎಡಚಿ ಅವಳೊಬ್ಬಳೇ. ಅವಳು ಎಸೆದದ್ದೆಲ್ಲ ಪುಟದಲ್ಲಿ ಬೇರೆಯಾಗಿ ಹೊಳೆಯಲಿ ಅಂತ ಆಸೆ.

ಮೊದಲ ಅರ್ಧದಲ್ಲಿ ಹನ್ನೆರಡರ ಸಾಲಲ್ಲಿ ಒಂದೂ ಚುಕ್ಕಿ ಇಲ್ಲ. ಎರಡನೇ ಅರ್ಧದಲ್ಲಿ ಒಂಬತ್ತು. ಏಳರ ಸಾಲು ಎರಡನೇ ಅರ್ಧದಲ್ಲಿ ಪೂರಾ ಖಾಲಿ.

ಇವರನ್ನು ಕರೆದು ಕೂರಿಸಿ, ಎರಡನೇ ಅರ್ಧದಲ್ಲಿ ಹನ್ನೆರಡನೇ ನಂಬರಿನ ಮುಖ ನೋಡಿದ್ರಾ ಅಂದೆ. ‘ಮುಖವಾ? ನಂಬರ್ ಕಂಡದ್ದೇ ದೊಡ್ಡದು ಮಾರಾಯ್ತಿ’ ಅಂದರು. ಆಮೇಲೆ ತಾವಾಗಿಯೇ, ‘ಉದ್ದ ಕಾಣ್ತಾಳೆ ಅಂದಿದ್ದೆ ನಾನು’ ಅಂದರು. ಅಂದಿದ್ದರು. ಹರಟೆ ಬೇಡ ಅಂದಿದ್ದು ನಾನು.

ರಕ್ತವಾದ ಅಂಗಿಯಲ್ಲಿ ಆಡಲು ರೆಫರಿ ಬಿಡಲ್ಲ. ತಂಡದ ಹತ್ತಿರ ಬೇರೆ ಅಂಗಿ ಇಲ್ಲ. ಬೆಂಚಿನ ಮೇಲಿದ್ದ ಕುಳ್ಳಿಯ ಅಂಗಿ ಬಿಚ್ಚಿಸಿ ನಮ್ಮ ಕೂಸು ಹಾಕಿಕೊಂಡಿದ್ದಾಳೆ. ಎರಡನೇ ಅರ್ಧದ ಹದಿನಾರು ತಪ್ಪೂ ನಮ್ಮ ಮನೆಯದು. ಕುಳ್ಳಿಯದು ಬರೀ ಎರಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆ ಚಿಕ್ಕಂದಿನಿಂದ ಹೇಳಿಕೊಂಡು ಬಂದವಳು, ಬರೆ ಹಾಕುವ ಕೈ ನನ್ನದೇ ಆಗುತ್ತದೆ ಅಂದುಕೊಂಡಿರಲಿಲ್ಲ.

ಕ್ಯಾಪ್ಟನ್ ಒಳಗೆ ಓದಿಕೊಳ್ಳುತ್ತಿದ್ದಳು. ಕೂಗಬೇಕು ಅಂತ ಎರಡು ಸಲ ಬಾಯಿ ತೆರೆದೆ. ಕೂಗಲಿಲ್ಲ.

ನವೆಂಬರ್ 17, ಸೋಮವಾರ

ಇವತ್ತೂ ಹೇಳಲಿಲ್ಲ. ಮೂವತ್ತು ಸ್ಯಾಂಪಲ್ಲೋ ನಲವತ್ತೋ ಇತ್ತು. ಹೊಸ ಹುಡುಗಿ ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದಿ ಅಂಟಿಸುತ್ತಿದ್ದಳು, ಪ್ರತಿ ಸಲ ನನ್ನ ಮುಖ ನೋಡುತ್ತಿದ್ದಳು. ಕಾಫಿ ತರಿಸಿ ಕೊಟ್ಟೆ.

ಜಿಮ್ ಕಡೆಯಿಂದ ಬಂದೆ. ರಟ್ಟು ಇನ್ನೂ ಅಲ್ಲೇ ಇದೆ. ಕೆಂಪು ಸಾಲಿನ ಪಕ್ಕ ಯಾರೋ ಕೋಡಂಗಿ ಮುಖ ಬರೆದಿದ್ದಾರೆ. ಕಿತ್ತು ಹಾಕಬಹುದಿತ್ತು. ಕಿತ್ತರೆ ಯಾಕೆ ಅಂತ ಕೇಳುತ್ತಾರೆ, ಯಾಕೆ ಅಂತ ಹೇಳಿದರೆ ಬರೆ ನಮ್ಮ ಕೂಸಿನ ಮೇಲೆ ಬೀಳುತ್ತದೆ. ಆ ಹದಿನೇಳು ಜನರ ಸಿಟ್ಟು ನಾನು ಕಣ್ಣಾರೆ ನೋಡಿದ್ದೇನೆ. ಇದು ಕೊನೇ ವರ್ಷ ಅವಳದು. ಇನ್ನು ನನ್ನ ನೋಟ್‌ಬುಕ್ ಮಾತು ಬೇಡವೇ ಬೇಡ. ಹೇಡಿ ಅಂದರೆ ಹೇಡಿ, ಇವತ್ತಿಗೆ ಅಷ್ಟೇ.

ನವೆಂಬರ್ 18, ಮಂಗಳವಾರ

ಇವರು ಪೇಟೆಗೆ ಹೋಗಿದ್ದಾಗ ನೋಟ್‌ಬುಕ್ಕನ್ನು ಕ್ಯಾಪ್ಟನ್ ಮುಂದೆ ಬಿಡಿಸಿಟ್ಟೆ. ಬೆರಳಿಟ್ಟು ತೋರಿಸಿದೆ, ಚುಕ್ಕಿಗಳನ್ನು. ಒಂಬತ್ತನ್ನೂ ನೋಡಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ದೊಡ್ಡ ಭಾರ ಇಳಿಸಿದವರ ಹಾಗೆ ಕುರ್ಚಿಗೆ ಒರಗಿದಳು.

‘ಮೊದಲನೇ ದಿನವೇ ಹೇಳಬೇಕಿತ್ತು ಚಿಕ್ಕಮ್ಮ. ಎರಡನೇ ದಿನಕ್ಕೆ ನಾಲಿಗೆ ಏಳಲಿಲ್ಲ. ಮೂರನೇ ದಿನದಿಂದ, ಇನ್ನು ಯಾವ ಮುಖ ಹೊತ್ತು ಹೇಳಲಿ ಅನ್ನಿಸ್ತು.’

ಬೈಯಬೇಕು ಅಂತ ಭಾನುವಾರದಿಂದ ಬೈಗುಳ ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ನನಗೆ ಗೊತ್ತಾಗಿಯೂ ಮೂರು ದಿನ ಆಗಿತ್ತಲ್ಲ, ಅವಳಿಗಿಂತ ನಾನೇನು ದೊಡ್ಡ ಹರಿಶ್ಚಂದ್ರಳಾ? ತುಟಿಯ ಹೊಲಿಗೆ ಎಳೆಯುತ್ತಿದ್ದರೂ ಆ ಅಂಗಿಯ ವಿಷಯ ಎಲ್ಲ ಹೇಳಿದಳು. ಕೋಚ್ ಯಾರದಾದರೂ ಅಂಗಿ ಕೊಡಿ ಅಂದಾಗ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರಂತೆ, ಕುಳ್ಳಿ ಕೇಳುವ ಮುಂಚೆಯೇ ಬಿಚ್ಚಿ ಕೊಟ್ಟಳಂತೆ. ತಾನು ಟವೆಲ್ ಹೊದ್ದು ಬೆಂಚಿನಲ್ಲಿ ಕೂತಳಂತೆ. ಅಂಗಿ ಬಿಗಿಯಾಗಿ ಕೈಯೇ ಎತ್ತಲು ಆಗುತ್ತಿರಲಿಲ್ಲ, ಬಾಯಲ್ಲಿ ರಕ್ತದ ರುಚಿ, ಎದುರಿಗೆ ಯಾರು ಅಂತ ಕಾಣುತ್ತಿರಲಿಲ್ಲ ಅಂದಳು. ತಂಡದವರಿಗೆಲ್ಲ ಗೊತ್ತಿದೆ. ಕ್ಯಾಪ್ಟನ್ ಹೇಳಲಿ ಅಂತ ಎಲ್ಲರೂ ಸುಮ್ಮನಿದ್ದಾರೆ.

ನಾಳೆ ನಾಲ್ಕು ಗಂಟೆಗೆ ನಾನು ಹೇಳ್ತೀನಿ, ನೀನು ಬಂದರೆ ಒಳ್ಳೇದು, ಬರದಿದ್ದರೂ ಹೇಳ್ತೀನಿ ಅಂದೆ. ಹೂಂ ಅಂದಳು. ಎಷ್ಟೋ ದಿನದ ಮೇಲೆ ತಟ್ಟೆ ತುಂಬ ಊಟ ಮಾಡಿದಳು.

ನವೆಂಬರ್ 19, ಬುಧವಾರ

ಅವಳು ಬರಲಿಲ್ಲ. ಇವರನ್ನೂ ಕರಕೊಂಡು ಟೈಲರ್ ಅಂಗಡಿಗೆ ಹೋಗಿ ನಾಲ್ಕೂ ಹತ್ತರವರೆಗೆ ಬಾಗಿಲು ನೋಡಿದೆ, ಆಮೇಲೆ ಹೇಳಿಬಿಟ್ಟೆ.

ಕಾಗದ ಟೈಪ್ ಮಾಡಿಸಿ ತಂದಿದ್ದರು. ನನ್ನ ಹೆಸರಿನ ಮುಂದೆ ಪೆನ್ನಿಟ್ಟು ಟೈಲರ್ ಕುರ್ಚಿ ಎಳೆದರು. ನಿಂತೇ ಹೇಳಿದೆ. ಹನ್ನೆರಡನೇ ನಂಬರಿನ ಹುಡುಗಿಯ ತಪ್ಪು ಎರಡು. ಏಳನೇ ನಂಬರಿನ ನಮ್ಮ ಹುಡುಗಿಯದು ಹತ್ತೊಂಬತ್ತು. ಮುಖ ನೋಡದೆ ಬರೆದದ್ದು ನಾನು, ಒಂದು ಮಗುವನ್ನು ಬಾಗಿಲಿಗೆ ಅಂಟಿಸಿದ್ದು ನಾನು. ಅಂಗಿಯ ಕಥೆಯನ್ನೂ ಹೇಳಿದೆ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕ್ಯಾಪ್ಟನ್ ಆಗಿ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದಳಾ, ನಿಮ್ಮ ಮನೆ ಹುಡುಗಿ ಅಂತ ನೀವೂ ಮುಚ್ಚಿಟ್ಟಿರಾ, ಹತ್ತೊಂಬತ್ತು ವರ್ಷದ ಲೆಕ್ಕದಲ್ಲಿ ಇನ್ನೆಷ್ಟು ಇಂಥವಿವೆ. ಕೊನೇ ಮಾತು ಎದೆಗೆ ನಾಟಿತು. ಟೈಲರ್ ಕಾಗದ ಕೈಗೆತ್ತಿಕೊಂಡು, ಹಾಗಾದ್ರೆ ಹನ್ನೆರಡು ಹೊಡೆದು ಏಳು ಅಂತ ಬರೆಯೋದಾ ಅಂದರು. ನಿಜವಾಗಿಯೂ ಪೆನ್ನಿನ ಕ್ಯಾಪ್ ತೆಗೆದಿದ್ದರು.

ಆಗ ಇವರು ಎದ್ದರು. ಕೂಗಿದ್ದು ನಾನು, ಕಣ್ಣು ಕಾಣದಿದ್ದರೂ ಕೂಗಿದೆ, ಬೈಯೋದಿದ್ದರೆ ನನ್ನಿಂದ ಶುರು ಮಾಡಿ ಅಂದರು. ಯಾರೂ ಶುರು ಮಾಡಲಿಲ್ಲ. ಆಮೇಲೆ ಹಳೇ ಗಂಟಲಲ್ಲಿ ಹೇಳಿದರು:

‘ಅರ್ಧ ದಾರಿಗೆ ಇಳಿದುಹೋದವರು, ಬಸ್ ಹೇಗೆ ಓಡ್ತು ಅಂತ ಕಾಗದ ಬರೀಬಾರದು.’

ಟೈಲರ್ ಮುಖ ಕೆಂಪಾಯಿತು. ಅವರೂ ಪಾಪದವರೇ, ತಂಡ ಗೆದ್ದ ದಿನ ಅಂಗಡಿಗೆ ಬಂದವರಿಗೆಲ್ಲ ಬಿಟ್ಟಿ ಗುಂಡಿ ಹಾಕಿಕೊಡುವ ಮನುಷ್ಯ. ಸೋತದ್ದಕ್ಕೆ ಅತ್ತು ಹೋಗಿದ್ದೆ, ಇವರೆಲ್ಲ ನೋಡಬಾರದು ಅಂತ ಬೇಗ ಎದ್ದೆ ಅಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸಿದ ಬಟ್ಟೆಯ ಬುಟ್ಟಿಗೆ ಹಾಕಿದರು. ಮೂರು ಜನ ಮಾತಾಡದೆ ಹೊರಟುಹೋದರು. ನಾನೂ ಇವರೂ ಜಿಮ್ಮಿಗೆ ಹೋಗಿ ರಟ್ಟು ಕಿತ್ತೆವು.

ಮನೆಗೆ ಬಂದರೆ ಕ್ಯಾಪ್ಟನ್ ಇರಲಿಲ್ಲ. ಆರು ಗಂಟೆಗೆ ಬಂದಳು, ಕಣ್ಣು ಊದಿತ್ತು. ಸಭೆಗೆ ಹೊರಟವಳು, ಮೊದಲು ಹೇಳಬೇಕಾದದ್ದು ಅವರಿಗಲ್ಲ ಅನಿಸಿ ಕುಳ್ಳಿಯ ಮನೆಗೆ ಹೋದಳಂತೆ. ಕುಳ್ಳಿ ಒಂದೇ ಮಾತು ಹೇಳಿದಳಂತೆ: ‘ನೀವು ಹೇಳ್ತೀರ ಅಂತ ಕಾದೆ ಅಕ್ಕ.’ ಅದನ್ನು ನನಗೆ ಹೇಳುವಾಗ ಇವಳಿಗೆ ಅಳು ತಡೆಯಲಿಲ್ಲ. ಕಾಲು ಮಂಚದಿಂದಾಚೆ ಹೋಗುವಷ್ಟು ದೊಡ್ಡವಳಾದರೂ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ನವೆಂಬರ್ 20, ಗುರುವಾರ

ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಕುಳ್ಳಿಯ ಮನೆಗೆ ಹೋದೆ. ಲಾಂಡ್ರಿಯ ಮೇಲೆ ಒಂದು ಕೋಣೆ, ನೆಲವೇ ಬೆಚ್ಚಗಿರುತ್ತದೆ. ತಾಯಿ ಇಸ್ತ್ರಿ ಮಾಡುತ್ತಿದ್ದಳು, ಹುಡುಗಿ ಕಿಟಕಿ ಹತ್ತಿರ ಓದುತ್ತಿದ್ದಳು. ತಾಯಿ ನನ್ನನ್ನು ನೋಡಿ ರಿಪೋರ್ಟ್ ವಿಷಯಕ್ಕೆ ಬಂದಿದ್ದಾರೆ ಅಂದುಕೊಂಡು ಕುರ್ಚಿ ಒರೆಸಿ ಕೊಟ್ಟಳು. ನಾನು ಯಾರು ಅಂತ ಹೇಳಿದೆ. ಇಸ್ತ್ರಿ ಪೆಟ್ಟಿಗೆಯನ್ನು ನಿಧಾನ ಪಕ್ಕಕ್ಕಿಟ್ಟಳು.

ಆ ದಿನ ರಕ್ತ ತೆಗೆದಾಗಲೂ ಹೇಳಲಿಲ್ಲವಲ್ಲ ನೀವು ಅಂದಳು. ಹೇಳಲಿಲ್ಲ ಅಂದೆ. ಕ್ಷಮಿಸಿ ಅಂತ ಕೈ ಮುಗಿದೆ, ರಟ್ಟು ಕಿತ್ತು ಹಾಕಿದ್ದೇವೆ, ಎಲ್ಲರ ಎದುರಿಗೆ ಹೇಳಿದ್ದೇನೆ ಅಂದೆ.

‘ನೀವು ಬರೆದದ್ದನ್ನ ಊರೆಲ್ಲ ಓದ್ತು. ಅಳಿಸಿದ್ದನ್ನ ಯಾರು ಓದ್ತಾರೆ?’

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಅಂತಾರೆ, ಇಲ್ಲಿ ಕೋಪ ನಮ್ಮದು, ಮೂಗು ಇನ್ನೊಬ್ಬರದು. ಎದ್ದು ಹೋಗಿ ಅಂದಿದ್ದರೆ ಹೋಗುತ್ತಿದ್ದೆ. ಅನ್ನಲಿಲ್ಲ, ತಿರುಗಿ ಇಸ್ತ್ರಿ ಶುರು ಮಾಡಿದಳು. ಹುಡುಗಿ ಇಷ್ಟು ಹೊತ್ತೂ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಈಗ ಎತ್ತಿದಳು. ಕೋಚ್ ಸರ್ ಇವತ್ತು ಬೆಳಿಗ್ಗೆ ಬಂದಿದ್ದಾರೆ, ಬುಧವಾರದ ಪಂದ್ಯಕ್ಕೆ ಬಾ ಅಂತ ಫೋನ್ ಮಾಡಿದ್ರು, ಇನ್ನೂ ಏನೂ ಹೇಳಿಲ್ಲ ಅಂದಳು. ಆಮೇಲೆ ತುಂಬ ಸಣ್ಣ ಧ್ವನಿಯಲ್ಲಿ ಕೇಳಿದಳು:

‘ಆಂಟಿ, ಮೊದಲನೇ ಅರ್ಧದಲ್ಲಿ ನಾನು ಹನ್ನೊಂದು ನಿಮಿಷ ಆಡಿದೆ. ಹೇಗೆ ಆಡಿದೆ?’

ಅಮ್ಮನಿಗೆ ಕೆಲಸ ಬಿಟ್ಟು ಬರಲು ಆಗಿರಲಿಲ್ಲವಂತೆ. ಬೇರೆ ಯಾರೂ ಹೇಳಲಿಲ್ಲವಂತೆ. ಎಲ್ಲರೂ ಹದಿನೆಂಟು ಅಂದರೇ ಹೊರತು ಆ ಹನ್ನೊಂದು ನಿಮಿಷದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲವಂತೆ. ನೋಟ್‌ಬುಕ್ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ. ಅದರಲ್ಲಿರುವುದು ಎರಡು ತಪ್ಪು, ನಾಲ್ಕು ಪಾಯಿಂಟ್, ಒಂದು ಫೌಲ್. ಆ ಮಗು ಕೇಳಿದ್ದು ಅದಲ್ಲ.

‘ನಾನು ನೋಡ್ಲಿಲ್ಲಮ್ಮ’ ಅಂದೆ. ‘ಅಲ್ಲೇ ಕೂತಿದ್ದೆ, ಆದರೆ ನೋಡ್ಲಿಲ್ಲ.’

ಹುಡುಗಿ ಪುಸ್ತಕ ಮುಚ್ಚಿಟ್ಟಳು.

‘ಹಾಗಾದ್ರೆ ಬುಧವಾರ ನೋಡ್ತೀರಾ?’

ಹೂಂ ಅಂದೆ.

ನವೆಂಬರ್ 26, ಬುಧವಾರ

ಹೊಟ್ಟೆ ತುಂಬಿದ ಹಾಗಿದೆ. ಎಲ್ಲಿಂದ ಶುರು ಮಾಡಲಿ.

ಜನ ಕಡಿಮೆ ಇದ್ದರು. ಟೈಲರ್ ಬಂದಿದ್ದರು, ತಂಡಕ್ಕೆ ಅಂತ ನಂಬರ್ ಇರುವ ಎರಡು ಹೆಚ್ಚುವರಿ ಅಂಗಿ ಹೊಲಿದು ತಂದಿದ್ದರು. ಕಾಲರ್ ಸ್ವಲ್ಪ ಸೊಟ್ಟ, ಅವಸರದ ಕೆಲಸ, ಹೇಳಲಿಲ್ಲ ನಾನು. ನಮ್ಮ ಕೂಸು ಮೊದಲ ಸಲ ಚೆಂಡು ಮುಟ್ಟಿದಾಗ ಹಿಂದಿನಿಂದ ಯಾರೋ ಊಳಿಟ್ಟರು. ಅವಳ ಕಿವಿ ಕೆಂಪಾದದ್ದು ಇಲ್ಲಿಗೇ ಕಂಡಿತು. ಇವರು ಆ ಕಡೆ ತಿರುಗಿ ಟಿಕೆಟ್ ಕೇಳುವ ಹಾಗೆ ನೋಡಿದರು, ನಿಂತುಹೋಯಿತು. ಈ ಸಲ ನಾವು ಕೆಳಗಿನ ಎರಡನೇ ಸಾಲಿನಲ್ಲಿ ಕೂತಿದ್ದೆವು.

ಕುಳ್ಳಿ ಹೇಗೆ ಆಡುತ್ತಾಳೆ ಗೊತ್ತಾ? ಚೆಂಡು ಕೈಗೆ ಬರುವ ಮುಂಚೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ತನಗಿಂತ ಒಂದು ಗೇಣು ಎತ್ತರದವರ ನಡುವೆ, ಸಂತೆಯಲ್ಲಿ ದಾರಿ ಮಾಡಿಕೊಂಡು ಹೋಗುವವಳ ಹಾಗೆ, ಭುಜ ಓರೆ ಮಾಡಿ ನುಗ್ಗುತ್ತಾಳೆ. ಬಿದ್ದರೆ ಎದ್ದು ಮೊದಲು ಎದುರಾಳಿಗೆ ಪೆಟ್ಟಾಯಿತಾ ಅಂತ ನೋಡುತ್ತಾಳೆ, ಎಲ್ಲಿಯ ಹುಚ್ಚು ಹುಡುಗಿ. ಓಡುತ್ತಾ ಓಡುತ್ತಾ ಉಳಿದ ನಾಲ್ವರಿಗೂ ಏನೋ ಹೇಳುತ್ತಲೇ ಇರುತ್ತಾಳೆ, ಬಾಯಿಗೆ ಬಿಡುವಿಲ್ಲ. ಒಮ್ಮೆ ಮೂವರು ಸುತ್ತುವರಿದರು, ಇನ್ನು ಮುಗೀತು ಅಂದುಕೊಂಡೆ. ಯಾವ ಸಂದಿಯಿಂದಲೋ ಚೆಂಡು ಹೊರಗೆ ಬಂತು, ನಮ್ಮ ಕೂಸಿನ ಎಡಗೈಗೇ ಹೋಯಿತು. ಹಾಕಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಆದರೆ ವಾಪಸ್ಸು ಓಡುವಾಗ ಕುಳ್ಳಿ ಕೈ ಚಾಚಿದಳು, ಇವಳು ತಟ್ಟಿದಳು. ನಾನು ಎದ್ದು ನಿಂತಿದ್ದೆನಂತೆ, ಇವರು ಸೆರಗು ಎಳೆದು ಕೂರಿಸಿದರು.

ಆಟ ಮುಗಿದ ಮೇಲೆ ಹುಡುಗಿ ಬೆವರು ಒರೆಸಿಕೊಳ್ಳುತ್ತಾ ನಮ್ಮ ಸಾಲಿನ ಹತ್ತಿರ ಬಂದು ನಿಂತಳು. ನಾಲಿಗೆಯಿಂದ ಹಿಡಿದು ಆ ಸಂದಿಯ ಪಾಸಿನವರೆಗೆ ಕಂಡದ್ದೆಲ್ಲ ಹೇಳಿದೆ. ಕೊನೆಯಲ್ಲಿ ಅವಸರ ಮಾಡಿ ಎರಡು ಸಲ ಚೆಂಡು ಬಿಟ್ಟದ್ದನ್ನೂ ಹೇಳಿದೆ, ಬೈದೆ ಕೂಡ. ಬಾಯಿ ತುಂಬ ನಕ್ಕಳು. ಇದನ್ನೆಲ್ಲ ಅಮ್ಮನಿಗೂ ಹೇಳಿ ಆಂಟಿ ಅಂದಳು, ನಾನೂ ಇವರೂ ಅಲ್ಲಿಂದ ನೇರ ಲಾಂಡ್ರಿಗೆ ಹೋಗಿ ಹೇಳಿ ಬಂದೆವು.

ಸೋತೆವು. ಎಷ್ಟಕ್ಕೆ ಅಂತ ಇವರನ್ನು ಕೇಳಬೇಕು.